ಹಳೆಯ ವಾಹನದ ಡೀಟೇಲಿಂಗ್

ಡೀಟೇಲಿಂಗ್ ಎಂದರೆ ಮೋಟಾರು ವಾಹನದ ಹೊರಮೈ, ಒಳಭಾಗ ಮತ್ತು ಎಂಜಿನ್ ಭಾಗವನ್ನು ಸಾಮಾನ್ಯ ತೊಳೆಯುವಿಕೆಗಿಂತ ಹೆಚ್ಚು ಸೂಕ್ಷ್ಮವಾಗಿ ಶುಚಿಗೊಳಿಸಿ, ಮಂಕಾದ ಬಣ್ಣಕ್ಕೆ ಹೊಳಪು ತಂದು, ಅದರ ಮೇಲೆ ರಕ್ಷಣೆಯ ಲೇಪ ಹಚ್ಚುವ ಕೆಲಸ. ಹೊಸ ವಾಹನದಲ್ಲಿ ಇದು ಬಹುಮಟ್ಟಿಗೆ ಅಲಂಕಾರದ ವಿಷಯ. ಹಲವು ವರ್ಷ ಬಳಕೆಯಿಲ್ಲದೆ ನಿಂತ ಹಳೆಯ ವಾಹನದಲ್ಲಿ ಇದೇ ಕೆಲಸವು ಪರೀಕ್ಷೆಯೂ ಆಗುತ್ತದೆ, ಅಪಾಯವೂ ಆಗುತ್ತದೆ. ಧೂಳಿನ ಕೆಳಗೆ ಉಳಿದಿರುವ ಮೂಲ ಬಣ್ಣವು ಎಷ್ಟು ತೆಳುವಾಗಿದೆ ಎಂಬುದು ಕಣ್ಣಿಗೆ ಕಾಣುವುದಿಲ್ಲ, ಮತ್ತು ಒಮ್ಮೆ ಉಜ್ಜಿ ತೆಗೆದ ಬಣ್ಣವನ್ನು ಮರಳಿ ಇಡಲು ಸಾಧ್ಯವಿಲ್ಲ. ಮೊದಲ ಬಾರಿ ಈ ಕೆಲಸಕ್ಕೆ ಕೈಹಾಕುವವರಿಂದ ಆಗುವ ಹಾನಿಯಲ್ಲಿ ಹೆಚ್ಚಿನ ಪಾಲು ಸೋಮಾರಿತನದಿಂದ ಆದದ್ದಲ್ಲ, ಅತಿಯಾದ ಉತ್ಸಾಹದಿಂದ ಆದದ್ದು.

ಈ ಲೇಖನವು ಬೆಂಗಳೂರಿನ ಪಶ್ಚಿಮ ಭಾಗದ ಬಡಾವಣೆಗಳಾದ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ ಮತ್ತು ಕೆಂಗೇರಿಯ ಪರಿಸ್ಥಿತಿಯನ್ನು ಉದಾಹರಣೆಯಾಗಿ ಇಟ್ಟುಕೊಂಡು ಈ ಕೆಲಸವನ್ನು ವಿವರಿಸುತ್ತದೆ.

ಪದ ಮತ್ತು ವ್ಯಾಪ್ತಿ

ಕರ್ನಾಟಕದ ಗ್ಯಾರೇಜುಗಳಲ್ಲಿ ವಾಹನ ತೊಳೆಯುವುದಕ್ಕೆ ‘ವಾಟರ್ ಸರ್ವಿಸ್’ ಎಂಬ ಹೆಸರು ಬಹಳ ಕಾಲದಿಂದ ಬಳಕೆಯಲ್ಲಿದೆ. ವಾಹನವನ್ನು ಎತ್ತರಕ್ಕೆ ಏರಿಸಿ, ಒತ್ತಡದ ನೀರಿನಿಂದ ಕೆಳಭಾಗದ ಕೆಸರು ತೆಗೆದು, ನೊರೆ ಹಾಕಿ ತೊಳೆದು ಒರೆಸುವುದು ಇದರ ಕ್ರಮ. ತಗ್ಗುಬಿದ್ದ ತಗಡನ್ನು ತಟ್ಟಿ ಸರಿಪಡಿಸುವುದಕ್ಕೆ ‘ಟಿಂಕರಿಂಗ್’ ಎನ್ನುತ್ತಾರೆ. ತಗಡಿನ ಮೇಲೆ ಪುಟ್ಟಿ ಮೆತ್ತಿ ಹೊಸದಾಗಿ ಬಣ್ಣ ಹೊಡೆಯುವುದು ‘ಪೇಂಟಿಂಗ್’. ಡೀಟೇಲಿಂಗ್ ಈ ಎರಡರ ನಡುವೆ ನಿಲ್ಲುತ್ತದೆ. ಇದರಲ್ಲಿ ಹೊಸ ಬಣ್ಣ ಬರುವುದಿಲ್ಲ. ಇರುವ ಬಣ್ಣವನ್ನೇ ಶುಚಿಗೊಳಿಸಿ ಉಳಿಸಿಕೊಳ್ಳಲಾಗುತ್ತದೆ. ಈ ಕಾರಣದಿಂದ ತುಕ್ಕು ತಿಂದು ತೂತಾದ ತಗಡಿಗೂ, ಸಿಪ್ಪೆ ಸುಲಿದಂತೆ ಎದ್ದ ಬಣ್ಣಕ್ಕೂ ಡೀಟೇಲಿಂಗ್ ಪರಿಹಾರವಲ್ಲ.

ಪಶ್ಚಿಮ ಬೆಂಗಳೂರಿನ ಹಿನ್ನೆಲೆ

ಈ ಬಡಾವಣೆಗಳಲ್ಲಿ 20×30 ಮತ್ತು 30×40 ಅಡಿಯ ನಿವೇಶನಗಳ ಮನೆಗಳು ಹೆಚ್ಚು. ಅನೇಕ ಮನೆಗಳಲ್ಲಿ ವಾಹನಕ್ಕೆ ಮುಚ್ಚಿದ ಜಾಗವಿರುವುದಿಲ್ಲ. ಹೊಸ ವಾಹನ ಬಂದಾಗ ಹಳೆಯದು ರಸ್ತೆಯ ಬದಿಗೆ ಅಥವಾ ಮನೆಯ ಹಿಂದಿನ ಓಣಿಗೆ ಸರಿಯುತ್ತದೆ. ಹೀಗೆ ನಿಂತವುಗಳಲ್ಲಿ ಮಾರುತಿ 800, ಪ್ರೀಮಿಯರ್ ಪದ್ಮಿನಿ, ಅಂಬಾಸಿಡರ್, ಬಜಾಜ್ ಚೇತಕ್ ಮತ್ತು ಯೆಜ್ದಿ ಸಾಮಾನ್ಯವಾಗಿ ಕಾಣಸಿಗುವ ಹೆಸರುಗಳು. 1983ರ ಡಿಸೆಂಬರಿನಲ್ಲಿ ಬಿಡುಗಡೆಯಾದ ಮಾರುತಿ 800 ಮತ್ತು ಅದಕ್ಕಿಂತ ಬಹಳ ಹಳೆಯದಾದ ಅಂಬಾಸಿಡರ್ ಎರಡರ ಉತ್ಪಾದನೆಯೂ 2014ರಲ್ಲಿ ನಿಂತಿತು. ಬಿಡಿಭಾಗಗಳಿಗಾಗಿ ಮಾಲೀಕರು ಇಂದಿಗೂ ಜೆ.ಸಿ. ರಸ್ತೆಯ ಅಂಗಡಿಗಳನ್ನೂ ಗುಜರಿಗಳನ್ನೂ ಅವಲಂಬಿಸುತ್ತಾರೆ.

ರಸ್ತೆಬದಿಯಲ್ಲಿ ನಿಂತ ವಾಹನದ ಮೇಲೆ ಬೀಳುವ ಕೊಳೆ ಒಂದೇ ಬಗೆಯದಲ್ಲ. ಬೆಂಗಳೂರಿನ ಕೆಂಪು ಮಣ್ಣಿನ ಧೂಳಿನಲ್ಲಿ ಸೂಕ್ಷ್ಮವಾದ ಬೆಣಚುಕಲ್ಲಿನ ಕಣಗಳಿರುತ್ತವೆ. ಇವು ಬಣ್ಣದ ಪದರಕ್ಕಿಂತ ಎಷ್ಟೋ ಪಾಲು ಗಡಸು. ಹೊಂಗೆ, ಮಳೆಮರ ಮೊದಲಾದ ಸಾಲುಮರಗಳ ಎಲೆಯ ರಸ ಹೀರುವ ಕೀಟಗಳು ಸಿಹಿಯಾದ ಅಂಟು ದ್ರವವನ್ನು ಸುರಿಸುತ್ತವೆ. ಅದರ ಮೇಲೆ ಧೂಳು ಕೂತು, ಮಳೆಗಾಲದಲ್ಲಿ ಕಪ್ಪು ಬೂಷ್ಟು ಬೆಳೆಯುತ್ತದೆ. ಹಕ್ಕಿಯ ಹಿಕ್ಕೆಯಲ್ಲಿ ಯೂರಿಕ್ ಆಮ್ಲವಿದ್ದು, ಬಿಸಿಲಿಗೆ ಕಾದ ಬಣ್ಣದ ಮೇಲೆ ಅದು ಅಳಿಸಲಾಗದ ಗುರುತು ಬಿಡಬಲ್ಲದು. ರೈಲು ಹಳಿಗಳ ಹತ್ತಿರ ನಿಲ್ಲುವ ವಾಹನಗಳ ಮೇಲೆ ಕಬ್ಬಿಣದ ಸಣ್ಣ ಕಣಗಳು ಕೂತು ತುಕ್ಕು ಹಿಡಿದು, ಬಿಳಿ ಕಾರಿನ ಮೈಮೇಲೆ ಕಿತ್ತಳೆ ಬಣ್ಣದ ಚುಕ್ಕೆಗಳಾಗಿ ಕಾಣುತ್ತವೆ. ಇದನ್ನು ಬಹಳ ಜನ ತಗಡಿನ ತುಕ್ಕೆಂದೇ ತಿಳಿಯುತ್ತಾರೆ.

ಬೆಡ್‌ಶೀಟು ಅಥವಾ ಪ್ಲಾಸ್ಟಿಕ್ ಹೊದಿಕೆ ಮುಚ್ಚಿದ ವಾಹನ ಸುರಕ್ಷಿತ ಎಂಬ ನಂಬಿಕೆಯೂ ಪೂರ್ಣ ನಿಜವಲ್ಲ. ಗಾಳಿಗೆ ಅಲುಗಾಡುವ ಹೊದಿಕೆಯು ಕೆಳಗೆ ಸೇರಿದ ಧೂಳಿನೊಂದಿಗೆ ಉಜ್ಜುಕಾಗದದಂತೆ ವರ್ತಿಸುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ತೇವವನ್ನು ಒಳಗೇ ಹಿಡಿದಿಡುತ್ತದೆ.

ಬಣ್ಣದ ಪದರ

ಹಳೆಯ ವಾಹನದ ಡೀಟೇಲಿಂಗ್‌ನಲ್ಲಿ ತಿಳಿದಿರಲೇಬೇಕಾದ ವಿಷಯವೆಂದರೆ ಬಣ್ಣದ ರಚನೆ. ಕಾರ್ಖಾನೆಯಲ್ಲಿ ತಗಡಿನ ಮೇಲೆ ಮೊದಲು ಪ್ರೈಮರ್, ಅದರ ಮೇಲೆ ಬಣ್ಣ ಹಚ್ಚಲಾಗುತ್ತದೆ. ಇಂದಿನ ವಾಹನಗಳಲ್ಲಿ ಬಣ್ಣದ ಮೇಲೆ ‘ಕ್ಲಿಯರ್ ಕೋಟ್’ ಎಂಬ ಪಾರದರ್ಶಕ ಪದರ ಇರುತ್ತದೆ. ಹೊಳಪು ಇರುವುದು ಇದರಲ್ಲೇ. ಗೀರುಗಳು ಬೀಳುವುದೂ ಇದರ ಮೇಲೆಯೇ. ಈ ಎಲ್ಲ ಪದರಗಳ ಒಟ್ಟು ದಪ್ಪ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್. ಕ್ಲಿಯರ್ ಕೋಟ್ ಒಂದರದೇ ದಪ್ಪ ಸುಮಾರು 35ರಿಂದ 50 ಮೈಕ್ರಾನ್. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ. ಹೋಲಿಕೆಗೆ ಹೇಳುವುದಾದರೆ, ಮನುಷ್ಯನ ತಲೆಗೂದಲಿನ ದಪ್ಪ 50ರಿಂದ 100 ಮೈಕ್ರಾನ್. ಅಂದರೆ ಇಡೀ ಡೀಟೇಲಿಂಗ್ ವ್ಯವಹಾರ ನಡೆಯುವುದು ಒಂದು ಕೂದಲೆಳೆಗಿಂತ ತೆಳುವಾದ ಪದರದೊಳಗೆ.

ಹಳೆಯ ಭಾರತೀಯ ವಾಹನಗಳಲ್ಲಿ, ವಿಶೇಷವಾಗಿ ಬಿಳಿ, ಕೆಂಪು, ಕಪ್ಪಿನಂತಹ ಸರಳ ಬಣ್ಣಗಳಲ್ಲಿ, ಕ್ಲಿಯರ್ ಕೋಟ್ ಇಲ್ಲದ ಒಂಟಿ ಪದರದ ಬಣ್ಣವೇ ಹೆಚ್ಚು. ಇದರಲ್ಲಿ ವರ್ಣಕವೂ ಹೊಳಪೂ ಒಂದೇ ಪದರದಲ್ಲಿ ಬೆರೆತಿರುತ್ತವೆ. ಬಿಸಿಲು ಮತ್ತು ಗಾಳಿಯಲ್ಲಿನ ಆಮ್ಲಜನಕದಿಂದ ಮೇಲಿನ ಭಾಗ ಸೊರಗಿ, ಬೆರಳಿನಿಂದ ಸವರಿದರೆ ಸುಣ್ಣದ ಪುಡಿಯಂತೆ ಅಂಟುತ್ತದೆ. ಕೆಂಪು ಮಾರುತಿಗಳು ವರ್ಷಗಳ ಬಿಸಿಲಿನಲ್ಲಿ ಗುಲಾಬಿಗೆ ತಿರುಗುವುದು ಈ ಕಾರಣದಿಂದ. ಈ ಸತ್ತ ಮೇಲ್ಪದರವನ್ನು ನವಿರಾಗಿ ತೆಗೆದರೆ ಕೆಳಗಿನ ಬಣ್ಣ ಇನ್ನೂ ಗಾಢವಾಗಿಯೇ ಇರುವ ಸಾಧ್ಯತೆ ಇದೆ. ಹೊಸಬರಿಗೆ ಈ ಕೆಲಸದ ಹುಚ್ಚು ಹಿಡಿಯುವುದು ಈ ಗಳಿಗೆಯಲ್ಲಿಯೇ ಎನ್ನಬಹುದು: ಅಂಗೈ ಅಗಲದ ಜಾಗದಲ್ಲಿ ಹಳೆಯ ಕೆಂಪು ಮರಳಿ ಕಾಣುತ್ತದೆ, ಸುತ್ತಲಿನದೆಲ್ಲ ಗುಲಾಬಿಯಾಗಿಯೇ ಉಳಿದಿರುತ್ತದೆ. ಅಪಾಯವೂ ಅಲ್ಲಿಂದಲೇ ಆರಂಭವಾಗುತ್ತದೆ.

ಯಾವ ಬಗೆಯ ಬಣ್ಣ ಎಂದು ತಿಳಿಯಲು ಸುಲಭದ ಪರೀಕ್ಷೆ ಇದೆ. ಬಾಗಿಲಿನ ಕೆಳಭಾಗದಂತಹ ಕಣ್ಣಿಗೆ ಬೀಳದ ಜಾಗದಲ್ಲಿ ನವಿರು ಪಾಲಿಶನ್ನು ಬಿಳಿ ಬಟ್ಟೆಯಿಂದ ಉಜ್ಜಬೇಕು. ಬಟ್ಟೆಗೆ ವಾಹನದ ಬಣ್ಣ ಹತ್ತಿದರೆ ಅದು ಒಂಟಿ ಪದರ. ಹತ್ತದಿದ್ದರೆ ಕ್ಲಿಯರ್ ಕೋಟ್ ಇದೆ ಎಂದು ತಿಳಿಯಬಹುದು. ಈ ಪರೀಕ್ಷೆ ಮಾಡದವರು ಬಟ್ಟೆಗೆ ಬಣ್ಣ ಹತ್ತುವುದನ್ನು ಕೊಳೆ ಬಿಡುತ್ತಿದೆ ಎಂದು ತಪ್ಪು ತಿಳಿದು ಇನ್ನಷ್ಟು ಬಲವಾಗಿ ಉಜ್ಜುತ್ತಾರೆ. ಕ್ಲಿಯರ್ ಕೋಟ್ ಇರುವ ವಾಹನದಲ್ಲಿ ಆ ಪದರವೇ ಬಿಳಿಚಿ ಪೊರೆಯಂತೆ ಎದ್ದಿದ್ದರೆ ಯಾವ ಪಾಲಿಶೂ ಅದನ್ನು ಸರಿಪಡಿಸಲಾರದು. ಅಂತಹ ಬಾನೆಟ್ಟಿನ ಮೇಲೆ ದಿನವಿಡೀ ದುಡಿದರೂ ಪೊರೆಯ ಅಂಚು ಇನ್ನಷ್ಟು ಹಿಗ್ಗುತ್ತದೆಯೇ ಹೊರತು ಬೇರೇನೂ ಆಗದು.

ಮೊದಲ ಪರಿಶೀಲನೆ

ನೀರು ಮುಟ್ಟಿಸುವ ಮೊದಲು ವಾಹನವನ್ನು ಒಣಗಿರುವಾಗಲೇ ನೋಡಿ ಎಲ್ಲ ಬದಿಗಳ ಛಾಯಾಚಿತ್ರ ತೆಗೆದಿಡುವುದು ರೂಢಿ. ಬಾನೆಟ್ ಮತ್ತು ಡಿಕ್ಕಿ ತೆರೆಯುವಾಗ ಎಚ್ಚರ ಬೇಕು. ಹಲವು ವರ್ಷ ಮುಚ್ಚಿದ ವಾಹನದಲ್ಲಿ ಇಲಿಯ ಗೂಡು, ಕಣಜದ ಗೂಡು ಸಾಮಾನ್ಯ. ಹೊರವಲಯದ ಕೆಂಗೇರಿಯಂತಹ ಕಡೆ ಹಾವು ಸೇರಿಕೊಂಡಿರುವುದೂ ಅಸಂಭವವಲ್ಲ. ಬಾಗಿಲು ಮತ್ತು ಅದರ ಕೆಳಗಿನ ಪಟ್ಟಿಯಲ್ಲಿ ನೀರು ಹೊರಹೋಗಲು ಸಣ್ಣ ರಂಧ್ರಗಳಿರುತ್ತವೆ. ಇವು ಮಣ್ಣು ಮತ್ತು ಎಲೆಗಳಿಂದ ಮುಚ್ಚಿದ್ದರೆ ತೊಳೆದ ನೀರು ಒಳಗೇ ನಿಂತು, ಹೊರಗೆ ಹೊಳೆಯುವ ವಾಹನ ಒಳಗಿನಿಂದ ಕೊಳೆಯುತ್ತದೆ. ಮೊದಲ ಕೆಲಸವಾಗಿ ಇವನ್ನು ಮರದ ಕಡ್ಡಿಯಿಂದ ಬಿಡಿಸಬೇಕು.

ಪುಟ್ಟಿ ಮೆತ್ತಿದ ಜಾಗ ಕಂಡುಹಿಡಿಯಲು ತೆಳುವಾದ ಬಟ್ಟೆ ಸುತ್ತಿದ ಸಣ್ಣ ಅಯಸ್ಕಾಂತ ಸಾಕು. ಅದು ಅಂಟದ ಕಡೆ ತಗಡಿನ ಮೇಲೆ ಪುಟ್ಟಿಯ ದಪ್ಪ ಪದರ ಇದೆ ಎಂದರ್ಥ. ಅಲ್ಲಿ ಒತ್ತಡದ ನೀರು ಬಿಟ್ಟರೆ ಪುಟ್ಟಿ ಹೆಂಟೆಯಾಗಿ ಎದ್ದುಬರಬಹುದು. ಟೈರುಗಳ ಬದಿಯಲ್ಲಿ ಅಚ್ಚಾಗಿರುವ ತಯಾರಿಕೆಯ ವಾರ ಮತ್ತು ವರ್ಷದ ನಾಲ್ಕು ಅಂಕಿಗಳನ್ನೂ ನೋಡಬೇಕು. ಮೂರೇ ಅಂಕಿಗಳಿದ್ದರೆ ಟೈರು 2000ಕ್ಕಿಂತ ಹಿಂದಿನದು. ಅಂತಹ ಟೈರಿಗೆ ಹೊಳಪಿನ ದ್ರವ ಬಳಿದು ರಸ್ತೆಗೆ ಇಳಿಯುವುದು ಆತ್ಮವಂಚನೆ.

ನೀರು ಮತ್ತು ತೊಳೆಯುವಿಕೆ

ಬೆಂಗಳೂರಿಗೆ ಕಾವೇರಿ ನೀರು ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಹಂತ ಹಂತವಾಗಿ ಮೇಲೆತ್ತಲ್ಪಟ್ಟು ಬರುತ್ತದೆ. 2024ರ ಬರದ ಬೇಸಿಗೆಯಲ್ಲಿ ಬೆಂಗಳೂರು ಜಲಮಂಡಳಿಯು ಆ ವರ್ಷದ ಮಾರ್ಚಿನಲ್ಲಿ ವಾಹನ ತೊಳೆಯುವುದೂ ಸೇರಿದಂತೆ ಕೆಲವು ಉದ್ದೇಶಗಳಿಗೆ ಕುಡಿಯುವ ನೀರಿನ ಬಳಕೆಯನ್ನು ನಿಷೇಧಿಸಿ, ಉಲ್ಲಂಘಿಸಿದವರಿಗೆ 5,000 ರೂಪಾಯಿ ದಂಡ ಗೊತ್ತುಪಡಿಸಿತು. 2025ರ ಫೆಬ್ರವರಿಯಲ್ಲಿ ಇಂತಹದೇ ಆದೇಶ ಮತ್ತೆ ಹೊರಬಂತು. ಆದ್ದರಿಂದ ಕೊಳವೆ ಹಿಡಿದು ಮನೆಯ ಮುಂದೆ ಕಾರು ತೊಳೆಯುವ ಹಳೆಯ ಅಭ್ಯಾಸ ಇಲ್ಲಿ ಕಾನೂನಿನ ಪ್ರಶ್ನೆಯೂ ಆಗಿದೆ. ನಿಮಿಷಕ್ಕೆ 10 ಲೀಟರ್ ಹರಿಯುವ ಕೊಳವೆಯನ್ನು 20 ನಿಮಿಷ ಬಿಟ್ಟರೆ 200 ಲೀಟರ್ ನೀರು ಮೋರಿಗೆ ಸೇರುತ್ತದೆ. ಈ ಬಡಾವಣೆಗಳ ಮೋರಿಗಳು ಬಹುಪಾಲು ವೃಷಭಾವತಿಗೆ, ಅಲ್ಲಿಂದ ಅರ್ಕಾವತಿಯ ಮೂಲಕ ಮತ್ತೆ ಕಾವೇರಿಗೇ ಸೇರುತ್ತವೆ. ಎಂಜಿನ್ನಿನ ಜಿಡ್ಡು ಮತ್ತು ಸೀಮೆಎಣ್ಣೆ ಕಲೆಸಿದ ನೀರನ್ನು ಮೋರಿಗೆ ಬಿಡದೆ ಹಳೆಯ ಚಿಂದಿಯಲ್ಲಿ ಒರೆಸಿ ತೆಗೆಯಬೇಕೆಂಬುದು ಇದರಿಂದ ಹುಟ್ಟುವ ಶಿಸ್ತು.

ಕೊಳವೆಬಾವಿಯ ನೀರಿಗೆ ಬೇರೆಯೇ ತೊಡಕಿದೆ. ಅದರಲ್ಲಿ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳು ಹೆಚ್ಚಾಗಿದ್ದು ನೀರು ಗಡಸಾಗಿರುತ್ತದೆ. ಬಿಸಿಲಿನಲ್ಲಿ ಹನಿಗಳು ಆರಿದಾಗ ಅನ್ನದ ಪಾತ್ರೆಯ ತಳದಲ್ಲಿ ಕಟ್ಟುವಂತಹ ಬಿಳಿ ಕಲೆ ಗಾಜು ಮತ್ತು ಬಣ್ಣದ ಮೇಲೆ ಉಳಿಯುತ್ತದೆ. ಹೊಸ ಕಲೆಯನ್ನು ನೀರು ಬೆರೆಸಿದ ವಿನೆಗರ್ ಕರಗಿಸುತ್ತದೆ. ಬಳಿಕ ಶುದ್ಧ ನೀರಿನಿಂದ ಒರೆಸಬೇಕು. ಬಣ್ಣದೊಳಕ್ಕೆ ಕೊರೆದ ಹಳೆಯ ಕಲೆಗೆ ಪಾಲಿಶ್ ಬೇಕಾಗುತ್ತದೆ. ಬೆಳಗಿನ ಅಥವಾ ಸಂಜೆಯ ನೆರಳಿನಲ್ಲಿ, ಒಂದೊಂದೇ ಭಾಗವನ್ನು ತೊಳೆದು ತಕ್ಷಣ ಒರೆಸುವುದು ಇದಕ್ಕಿಂತ ಸುಲಭ.

ತೊಳೆಯಲು ಎರಡು ಬಕೆಟ್‌ಗಳ ವಿಧಾನ ಪ್ರಚಲಿತವಾಗಿದೆ. ಒಂದರಲ್ಲಿ ವಾಹನಕ್ಕೆಂದೇ ಮಾಡಿದ ಶಾಂಪೂ ಬೆರೆಸಿದ ನೀರು, ಇನ್ನೊಂದರಲ್ಲಿ ಬರೀ ನೀರು. ಬಟ್ಟೆಯನ್ನು ಪ್ರತಿಬಾರಿ ಬರೀ ನೀರಿನಲ್ಲಿ ಜಾಲಿಸಿ ಮಣ್ಣು ಬಿಟ್ಟ ಮೇಲೆ ಶಾಂಪೂವಿಗೆ ಅದ್ದಲಾಗುತ್ತದೆ. ಮೇಲ್ಛಾವಣಿಯಿಂದ ಆರಂಭಿಸಿ ಕೆಳಕ್ಕೆ ಬರಬೇಕು. ಚಕ್ರ ಮತ್ತು ಮಡ್‌ಗಾರ್ಡಿನ ಒಳಭಾಗಕ್ಕೆ ಬೇರೆ ಬಟ್ಟೆ ಇರಬೇಕು. ದೀರ್ಘಕಾಲ ನಿಂತ ವಾಹನದ ಮೇಲೆ ಒಣ ಬಟ್ಟೆ ಆಡಿಸುವುದಂತೂ ಸಲ್ಲದು. ಮೊದಲು ಮಗ್ಗಿನಿಂದ ನೀರು ಸುರಿದು, ಗಟ್ಟಿಯಾದ ಕೊಳೆಯ ಮೇಲೆ ಒದ್ದೆ ಬಟ್ಟೆ ಹೊದಿಸಿ ಅರ್ಧ ಗಂಟೆ ನೆನೆಸಿದರೆ ಹಿಕ್ಕೆ ಮತ್ತು ಮರದ ಅಂಟು ಬಹಳಷ್ಟು ತಾನಾಗಿಯೇ ಸಡಿಲವಾಗುತ್ತವೆ.

ಅಡುಗೆಮನೆಯಿಂದ ಬರುವ ತಪ್ಪುಗಳು

ಮೊದಲ ಪ್ರಯತ್ನದಲ್ಲಿ ಸಾಮಾನ್ಯವಾಗಿ ಕೈಗೆ ಸಿಕ್ಕ ವಸ್ತುವೇ ಸಾಧನವಾಗುತ್ತದೆ. ಪಾತ್ರೆ ತೊಳೆಯುವ ಪುಡಿ ಮತ್ತು ಸೋಪಿನಲ್ಲಿ ಉಜ್ಜುವ ಕಣಗಳಿರುತ್ತವೆ. ಪಾತ್ರೆಗೆ ಒಳ್ಳೆಯದಾದದ್ದು ಬಣ್ಣಕ್ಕೆ ಮಾರಕ. ತೆಂಗಿನ ನಾರು, ಸ್ಟೀಲ್ ನಾರು ಮತ್ತು ಹಸಿರು ಸ್ಕ್ರಬ್ಬರಿನ ಗೀರುಗಳು ಬಿಸಿಲಿನಲ್ಲಿ ಜೇಡರಬಲೆಯಂತೆ ಕಾಣುತ್ತವೆ. ಬಟ್ಟೆ ಒಗೆಯುವ ಪುಡಿ ಕ್ಷಾರಗುಣದ್ದಾಗಿದ್ದು ಇದ್ದ ಮೇಣವನ್ನೂ ತೆಗೆದುಹಾಕಿ ಒಂಟಿ ಪದರದ ಬಣ್ಣವನ್ನು ಇನ್ನಷ್ಟು ಒಣಗಿಸುತ್ತದೆ. ಹಿತ್ತಾಳೆ ಬೆಳಗುವ ಹುಣಸೆಹಣ್ಣನ್ನು ಕ್ರೋಮ್ ಬಂಪರಿಗೆ ಹಚ್ಚುವವರೂ ಇದ್ದಾರೆ. ಹುಣಸೆಯ ಆಮ್ಲ ಸಂದುಗಳಲ್ಲಿ ಉಳಿದರೆ ಕೆಳಗಿನ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ. ಕ್ರೋಮ್ ಮೇಲಿನ ಲಘು ತುಕ್ಕಿಗೆ ಅಡುಗೆಮನೆಯದೇ ಆದ ಅಲ್ಯೂಮಿನಿಯಂ ಹಾಳೆಯನ್ನು ಮುದ್ದೆ ಮಾಡಿ ನೀರಿನಲ್ಲಿ ಅದ್ದಿ ಹಗುರವಾಗಿ ಉಜ್ಜುವುದು ಉತ್ತಮ. ಅಲ್ಯೂಮಿನಿಯಂ ಕ್ರೋಮಿಗಿಂತ ಮೃದುವಾದ್ದರಿಂದ ಗೀರು ಬೀಳುವ ಭಯ ಕಡಿಮೆ.

ಡೀಸೆಲ್ ಅಥವಾ ಸೀಮೆಎಣ್ಣೆಯಲ್ಲಿ ಅದ್ದಿದ ಬನಿಯನ್ ವೇಸ್ಟಿನಿಂದ ಮೈ ಒರೆಸಿ ಹೊಳಪು ತೋರಿಸುವ ಪದ್ಧತಿಯೂ ಹಳೆಯದು. ಆ ಹೊಳಪು ಎಣ್ಣೆಯ ಪೊರೆಯದಷ್ಟೇ. ಒಂದೆರಡು ದಿನದಲ್ಲಿ ಅದು ಧೂಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಬಾಗಿಲು ಮತ್ತು ಗಾಜಿನ ಸುತ್ತಲಿನ ಬೀಡಿಂಗ್ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ. ಹಳೆಯ ಮಾದರಿಗಳಿಗೆ ಸರಿಹೊಂದುವ ಬೀಡಿಂಗ್ ಸಿಗುವುದು ಕಷ್ಟವಾದ್ದರಿಂದ ಈ ನಷ್ಟ ಚಿಕ್ಕದಲ್ಲ.

ಪಾಲಿಶ್ ಮಾಡುವುದು

ತೊಳೆದ ಮೇಲೂ ಬಣ್ಣವನ್ನು ಅಂಗೈಯಿಂದ ಸವರಿದರೆ ತರಿತರಿ ಅನಿಸುವುದುಂಟು. ಪದರಕ್ಕೆ ಅಂಟಿದ ಟಾರು, ಮರದ ಅಂಟು ಮತ್ತು ಕಬ್ಬಿಣದ ಕಣಗಳು ಇದಕ್ಕೆ ಕಾರಣ. ಇವುಗಳನ್ನು ತೆಗೆಯಲು ‘ಕ್ಲೇ ಬಾರ್’ ಎಂಬ ಮೆತ್ತನೆಯ ಮುದ್ದೆಯನ್ನು ಸಾಬೂನು ನೀರಿನ ಮೇಲೆ ಜಾರಿಸಲಾಗುತ್ತದೆ. ಮುದ್ದೆ ಒಮ್ಮೆ ನೆಲಕ್ಕೆ ಬಿದ್ದರೆ ಅದನ್ನು ಎಸೆಯಬೇಕು. ಅದಕ್ಕೆ ಹತ್ತಿದ ಮರಳು ಬಣ್ಣವನ್ನು ಗೀಚುತ್ತದೆ. ಕಬ್ಬಿಣದ ಕಣಗಳನ್ನು ಕರಗಿಸುವ ದ್ರವಗಳೂ ದೊರೆಯುತ್ತವೆ. ಕಬ್ಬಿಣ ತಾಗಿದಲ್ಲಿ ಅವು ನೇರಳೆ ಬಣ್ಣಕ್ಕೆ ತಿರುಗುತ್ತವೆ.

ಪಾಲಿಶ್ ಎಂದರೆ ಅತಿ ಸೂಕ್ಷ್ಮ ಕಣಗಳಿಂದ ಬಣ್ಣದ ಮೇಲ್ಪದರವನ್ನು ಸವೆಸಿ ಸಮತಟ್ಟು ಮಾಡುವುದು. ಗೀರು ಮಾಯವಾದಂತೆ ಕಾಣುವುದು ಗೀರಿನ ಸುತ್ತಲಿನ ಬಣ್ಣವೂ ಅದರ ಆಳಕ್ಕೆ ಇಳಿದದ್ದರಿಂದ. ‘ಕಾಂಪೌಂಡ್’ ಒರಟು, ‘ಪಾಲಿಶ್’ ನವಿರು, ‘ವ್ಯಾಕ್ಸ್’ ಅಂದರೆ ಮೇಣ ಏನನ್ನೂ ಸವೆಸದ ಲೇಪ. ಅಂಗಡಿಯಲ್ಲಿ ಈ ಮೂರೂ ಒಂದೇ ರೀತಿಯ ಡಬ್ಬಿಗಳಲ್ಲಿ ಅಕ್ಕಪಕ್ಕ ಇರುವುದು ಹೊಸಬರ ಗೊಂದಲಕ್ಕೆ ಕಾರಣ. ಅನುಭವಿಗಳು ಪಾಲಿಸುವ ನಿಯಮ ಒಂದೇ: ಎಲ್ಲಕ್ಕಿಂತ ದುರ್ಬಲವಾದ ಸಾಧನದಿಂದ ಆರಂಭಿಸುವುದು. ಒಂದು ಅಡಿ ಉದ್ದಗಲದ ಜಾಗಕ್ಕೆ ಟೇಪು ಅಂಟಿಸಿ, ಮೃದುವಾದ ಸ್ಪಂಜಿನಲ್ಲಿ ನವಿರು ಪಾಲಿಶ್ ಹಾಕಿ ಕೈಯಿಂದಲೇ ಉಜ್ಜಿ ನೋಡಬೇಕು. ಅಷ್ಟರಿಂದಲೇ ತೃಪ್ತಿಕರ ಫಲ ಸಿಕ್ಕರೆ ಇಡೀ ವಾಹನಕ್ಕೆ ಅದೇ ಸಾಕು. ಸಿಗದಿದ್ದರೆ ಮಾತ್ರ ಒಂದು ಮೆಟ್ಟಿಲು ಮೇಲೇರಬೇಕು.

ಯಂತ್ರಗಳಲ್ಲಿ ಎರಡು ಬಗೆ. ಒಂದೇ ಅಕ್ಷದ ಮೇಲೆ ಗಿರಕಿ ಹೊಡೆಯುವ ರೋಟರಿ ಯಂತ್ರ ಬೇಗ ಕೆಲಸ ಮಾಡುತ್ತದೆ, ಬೇಗ ಸುಡುತ್ತದೆ ಕೂಡ. ಒಂದೇ ಜಾಗದಲ್ಲಿ ಕೆಲವು ಕ್ಷಣ ಹೆಚ್ಚು ನಿಂತರೆ ಉಷ್ಣದಿಂದ ಬಣ್ಣ ಮೆತ್ತಗಾಗಿ ಪ್ರೈಮರ್ ಇಣುಕುತ್ತದೆ. ತಿರುಗುತ್ತಲೇ ಅಲುಗಾಡುವ ಡ್ಯುಯಲ್ ಆ್ಯಕ್ಷನ್ ಯಂತ್ರ ನಿಧಾನವಾದರೂ ಹೊಸಬರ ತಪ್ಪನ್ನು ಹೆಚ್ಚು ಸಹಿಸುತ್ತದೆ. ಯಾವ ಯಂತ್ರವಾದರೂ ಬಾನೆಟ್ಟಿನ ಏಣು, ಬಾಗಿಲಿನ ಅಂಚು ಮತ್ತು ತಗಡು ಮಡಿಚಿದ ಗೆರೆಗಳಲ್ಲಿ ಬಣ್ಣ ಎಲ್ಲಕ್ಕಿಂತ ತೆಳುವಾಗಿರುತ್ತದೆ. ಆ ಜಾಗಗಳಿಗೆ ಮೊದಲೇ ಟೇಪು ಅಂಟಿಸಿ, ಕೊನೆಯಲ್ಲಿ ಕೈಯಿಂದ ಮುಗಿಸುವುದು ವಾಡಿಕೆ. ಹಳೆಯ ವಾಹನದಲ್ಲಿ ಈ ಏಣುಗಳು ಹಿಂದಿನ ದಶಕಗಳ ಪಾಲಿಶ್‌ನಿಂದಲೇ ಅರ್ಧ ಸವೆದಿರುತ್ತವೆ. ಬಣ್ಣದ ದಪ್ಪ ಅಳೆಯುವ ಮೀಟರ್ ಇದ್ದರೆ ಒಳ್ಳೆಯದು. ಇಲ್ಲದಿದ್ದಲ್ಲಿ ಎಲ್ಲ ಗೀರುಗಳನ್ನೂ ತೆಗೆಯುವ ಆಸೆ ಬಿಡಬೇಕು. ಉಗುರಿಗೆ ತಡೆಯುವಷ್ಟು ಆಳವಾದ ಗೀರನ್ನು ಹಾಗೆಯೇ ಉಳಿಸುವುದು ಹಳೆಯ ಬಣ್ಣದ ಮಟ್ಟಿಗೆ ಜಾಣತನ. ಉಜ್ಜುಕಾಗದದಿಂದ ನೀರು ಹಾಕಿ ಸವೆಸುವ ಕೆಲಸ ಮೊದಲ ಪ್ರಯತ್ನಕ್ಕೆ ಸೇರಿದ್ದಲ್ಲ.

ಕೊನೆಗೆ ಹಚ್ಚುವ ಮೇಣಗಳಲ್ಲಿ ಕಾರ್ನೌಬ ಹೆಸರಾದದ್ದು. ಇದು ಬ್ರೆಜಿಲಿನ ಒಂದು ತಾಳೆಯ ಎಲೆಯಿಂದ ಬರುತ್ತದೆ. ತೆಳುವಾಗಿ ಹಚ್ಚಿ, ಮಂಜು ಕವಿದಂತೆ ಆರಿದ ಮೇಲೆ ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಬೇಕು. ಇಂದು ಜನಪ್ರಿಯವಾಗಿರುವ ಸೆರಾಮಿಕ್ ಲೇಪ ಹೆಚ್ಚು ಕಾಲ ಬಾಳುತ್ತದೆ. ಆದರೆ ಅದನ್ನು ತೆಗೆಯಬೇಕಾದರೆ ಮತ್ತೆ ಬಣ್ಣವನ್ನು ಸವೆಸಬೇಕಾಗುವುದರಿಂದ ತೆಳುವಾದ ಹಳೆಯ ಬಣ್ಣಕ್ಕೆ ಮೇಣವೇ ಹೆಚ್ಚು ಹೊಂದುತ್ತದೆ.

ತುಕ್ಕು ಮತ್ತು ಚಾಸಿ ಸಂಖ್ಯೆ

ಮೇಲ್ಮೈಯ ತುಕ್ಕನ್ನು ಕೆರೆದು, ತುಕ್ಕು ಪರಿವರ್ತಕ ದ್ರವ ಹಚ್ಚಿ, ಪ್ರೈಮರ್ ಬಳಿದು ತಡೆಯಬಹುದು. ಬಣ್ಣದ ಕೆಳಗೆ ಗುಳ್ಳೆ ಎದ್ದಿದ್ದರೆ ಒಳಗಿನಿಂದ ತುಕ್ಕು ಬಂದಿದೆ ಎಂದು ತಿಳಿದು ಟಿಂಕರಿಂಗ್ ಮಾಡುವವರಿಗೆ ಬಿಡಬೇಕು.

ಇಲ್ಲಿ ಹೊಸಬರಿಗೆ ಗೊತ್ತಿರದ ಒಂದು ಗಂಡಾಂತರ ಇದೆ. ಚಾಸಿ ಸಂಖ್ಯೆ ಕೊರೆದಿರುವ ಜಾಗ ತುಕ್ಕು ಹಿಡಿದಿದ್ದರೆ ಅದನ್ನೂ ಉಜ್ಜುಕಾಗದದಿಂದ ಕೆರೆಯುವ ಪ್ರಲೋಭನೆ ಸಹಜ. ಖಾಸಗಿ ವಾಹನದ ನೋಂದಣಿ 15 ವರ್ಷಕ್ಕೆ ಮುಗಿದು, ಬಳಿಕ ಐದೈದು ವರ್ಷಕ್ಕೆ ನವೀಕರಿಸಬೇಕಾಗುತ್ತದೆ. ಆಗ ಕಾಗದವಿಟ್ಟು ಪೆನ್ಸಿಲಿನಿಂದ ತಿಕ್ಕಿ ತೆಗೆಯುವ ಚಾಸಿ ಸಂಖ್ಯೆಯ ಅಚ್ಚು ಬೇಕಾಗುವುದುಂಟು. ಕೊರೆದ ಅಂಕಿಗಳು ಸವೆದುಹೋದರೆ ವಾಹನದ ಗುರುತೇ ಅನುಮಾನಕ್ಕೆ ಒಳಗಾಗುತ್ತದೆ. ರಾಜಾಜಿನಗರದ ಕೆಎ-02 ಅಥವಾ ಜ್ಞಾನಭಾರತಿಯ ಕೆಎ-41, ಕಚೇರಿ ಯಾವುದಾದರೂ ಅಂತಹ ವಾಹನದ ನವೀಕರಣ ಸುಲಭವಲ್ಲ. ಈ ಭಾಗವನ್ನು ಸೀಮೆಎಣ್ಣೆಯಲ್ಲಿ ಅದ್ದಿದ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಮಾತ್ರ ಶುಚಿಗೊಳಿಸಿ, ತೆಳುವಾಗಿ ಗ್ರೀಸು ಸವರುವುದು ಸಾಕು.

ಒಳಭಾಗ

ಮುಚ್ಚಿದ ವಾಹನದ ವಾಸನೆಗೆ ಸುಗಂಧದ ಡಬ್ಬಿ ಇಡುವುದು ಮೊದಲು ಹೊಳೆಯುವ ಉಪಾಯ. ವಾಸನೆಯ ಮೂಲ ಸಾಮಾನ್ಯವಾಗಿ ಕಾಲಡಿಯ ಹಾಸಿನ ಕೆಳಗೆ ನಿಂತ ತೇವವಾದ್ದರಿಂದ ಆಸನ ಮತ್ತು ಹಾಸುಗಳನ್ನು ಬಿಚ್ಚಿ ಬಿಸಿಲಿಗೆ ಒಣಗಿಸದೆ ಅದು ಹೋಗದು. ಇಲಿಯ ಹಿಕ್ಕೆ ಇದ್ದರೆ ಒಣಗಿದ್ದಾಗ ಗುಡಿಸಬಾರದು. ಮುಖಗವಸು ಮತ್ತು ಕೈಗವಸು ಧರಿಸಿ, ಸೋಂಕುನಿವಾರಕ ಚಿಮುಕಿಸಿ ನೆನೆಸಿ ಒರೆಸಿ ತೆಗೆಯಬೇಕು. ಇಲಿಜ್ವರದಂತಹ ಕಾಯಿಲೆಗಳು ಇಲಿಯ ಮೂತ್ರದಿಂದ ಹರಡುತ್ತವೆ. ಹಳೆಯ ಬ್ರೇಕ್ ಲೈನರುಗಳಲ್ಲಿ ಕಲ್ನಾರು ಇರುವ ಸಾಧ್ಯತೆ ಇದೆ. ಚಕ್ರದ ಒಳಗಿನ ಧೂಳನ್ನು ಗಾಳಿಯೊತ್ತಡದಿಂದ ಊದುವ ಗ್ಯಾರೇಜಿನ ಅಭ್ಯಾಸವನ್ನು ಮನೆಯಲ್ಲಿ ಅನುಸರಿಸಬಾರದು.

ರೆಕ್ಸಿನ್ ಆಸನಕ್ಕೆ ಉಗುರುಬೆಚ್ಚಗಿನ ಶಾಂಪೂ ನೀರು ಮತ್ತು ಮೃದುವಾದ ಬ್ರಷ್ ಸಾಕು. ಸ್ಟಿಯರಿಂಗ್, ಪೆಡಲ್, ಸ್ಕೂಟರಿನ ಕಾಲಿಡುವ ಹಲಗೆ ಮತ್ತು ಸೀಟಿಗೆ ಹೊಳಪಿನ ಎಣ್ಣೆ ಹಚ್ಚಬಾರದು; ಕೈಕಾಲು ಜಾರಿ ಅಪಘಾತವಾಗುತ್ತದೆ. ಎಂಜಿನ್ ಶುಚಿ ಮಾಡುವಾಗ ಡಿಸ್ಟ್ರಿಬ್ಯೂಟರ್, ಕಾಯಿಲ್ ಮತ್ತು ಕಾರ್ಬ್ಯುರೇಟರಿನ ಬಾಯಿಗೆ ಪ್ಲಾಸ್ಟಿಕ್ ಚೀಲ ಕಟ್ಟಿ, ನೀರು ಎರಚದೆ ಒದ್ದೆ ಬಟ್ಟೆಯಲ್ಲಿ ಒರೆಸುವುದು ಕ್ಷೇಮ.

ಮೈಸೂರಿನ ಮೋಟಾರ್‌ಸೈಕಲ್‌ಗಳು

ಕರ್ನಾಟಕದಲ್ಲಿ ಹಳೆಯ ದ್ವಿಚಕ್ರ ವಾಹನ ಎಂದೊಡನೆ ನೆನಪಾಗುವುದು ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಉತ್ಪನ್ನಗಳು. ಜೆಕೊಸ್ಲೊವಾಕಿಯಾದ ಸಹಯೋಗದಲ್ಲಿ 1961ರಲ್ಲಿ ಅಲ್ಲಿ ಜಾವಾ ತಯಾರಿಕೆ ಆರಂಭವಾಯಿತು. 1973ರಿಂದ ಯೆಜ್ದಿ ಎಂಬ ಹೆಸರು ಬಂತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಪೆಟ್ರೋಲಿನೊಂದಿಗೆ ಆಯಿಲ್ ಬೆರೆಸುವ ಟೂ-ಸ್ಟ್ರೋಕ್ ಎಂಜಿನ್ ಆದ್ದರಿಂದ ಸೈಲೆನ್ಸರುಗಳ ಹೊರಗೂ ಒಳಗೂ ಕಪ್ಪು ಜಿಡ್ಡು ಕಟ್ಟುತ್ತದೆ. ಜಾವಾದ ಪೆಟ್ರೋಲ್ ಟ್ಯಾಂಕಿನ ಮೇಲೆ ಬಣ್ಣಕ್ಕೆ ಅಂಚು ಕಟ್ಟಿದಂತೆ ಚಿನ್ನದ ಬಣ್ಣದ ತೆಳು ಗೆರೆಗಳಿರುತ್ತವೆ. ಕಾಂಪೌಂಡ್ ಹಚ್ಚಿ ಉಜ್ಜಿದರೆ ಮೊದಲು ಅಳಿಸಿಹೋಗುವುದು ಇವೇ. ಗೆರೆಯಿಲ್ಲದ ಹೊಳೆಯುವ ಟ್ಯಾಂಕಿಗಿಂತ ಗೆರೆಯುಳ್ಳ ಮಂಕು ಟ್ಯಾಂಕಿಗೆ ಸಂಗ್ರಾಹಕರಲ್ಲಿ ಬೆಲೆ ಹೆಚ್ಚು.

ಆಯುಧಪೂಜೆ ಮತ್ತು ಬಣ್ಣ

ಮೊದಲ ಬಾರಿ ಹಳೆಯ ವಾಹನಕ್ಕೆ ಕೈಹಚ್ಚುವ ಸಂದರ್ಭ ಬಹಳ ಮನೆಗಳಲ್ಲಿ ಮಹಾನವಮಿಯ ಆಯುಧಪೂಜೆಯೇ. ಓಡದ ವಾಹನವನ್ನೂ ಅಂದು ತೊಳೆದು, ಚೆಂಡುಹೂವಿನ ಮಾಲೆ ಹಾಕಿ, ಚಕ್ರದಡಿ ನಿಂಬೆಹಣ್ಣು ಇಟ್ಟು ಪೂಜಿಸುವ ರೂಢಿ ಇದೆ. ಸೊರಗಿದ ಒಂಟಿ ಪದರದ ಬಣ್ಣ ಸೂಕ್ಷ್ಮರಂಧ್ರಗಳಿಂದ ಕೂಡಿದ್ದು, ಒದ್ದೆ ಕುಂಕುಮವನ್ನು ಹೀರಿಕೊಳ್ಳುತ್ತದೆ. ಅರಿಶಿನದ ಕಲೆ ಬಿಸಿಲಿಗೆ ತಾನಾಗಿ ಮಾಸುತ್ತದೆ. ಕೃತಕ ಬಣ್ಣ ಬೆರೆತ ಕುಂಕುಮದ ಕಲೆ ಬಿಳಿ ಬಾನೆಟ್ಟಿನ ಮೇಲೆ ವರ್ಷಗಟ್ಟಲೆ ಉಳಿಯಬಹುದು. ಪೂಜೆಗೆ ಮೊದಲು ಮೇಣ ಹಚ್ಚಿರುವುದು, ಕುಂಕುಮವನ್ನು ಗಾಜಿನ ಮೇಲೆ ಅಥವಾ ನೋಂದಣಿ ಫಲಕದ ಬದಿಯಲ್ಲಿ ಇಡುವುದು, ಕರ್ಪೂರವನ್ನು ಬಾನೆಟ್ಟಿನ ಮೇಲೆ ಹಚ್ಚದೆ ತಟ್ಟೆಯಲ್ಲಿ ಬೆಳಗುವುದು, ಮರುದಿನವೇ ಒರೆಸುವುದು ಇದಕ್ಕೆ ಪರಿಹಾರ.

ಮೂಲ ಬಣ್ಣವೋ ಹೊಸ ಬಣ್ಣವೋ

ಡೀಟೇಲಿಂಗ್ ಮುಗಿದಾಗ ವಾಹನದ ದೋಷಗಳು ಮೊದಲಿಗಿಂತ ಸ್ಪಷ್ಟವಾಗಿ ಕಾಣುವುದು ಸಾಮಾನ್ಯ ಅನುಭವ. ಧೂಳು ಮರೆಮಾಡಿದ್ದ ತಗ್ಗು, ಬೇರೆ ಛಾಯೆಯಲ್ಲಿ ಬಣ್ಣ ಹೊಡೆದ ಬಾಗಿಲು, ಪುಟ್ಟಿಯ ಬಿರುಕು ಎಲ್ಲವೂ ಹೊರಬರುತ್ತವೆ. ನಿರಾಶರಾದ ಮಾಲೀಕರು ಪೂರ್ತಿ ಹೊಸ ಬಣ್ಣಕ್ಕೆ ಮುಂದಾಗುವುದು ಈ ಹಂತದಲ್ಲಿ. ಬಣ್ಣ ಬೇರೆಯದಾದರೆ ನೋಂದಣಿ ಪತ್ರದಲ್ಲಿ ಅದನ್ನು ತಿದ್ದಿಸಬೇಕಾಗುತ್ತದೆ. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ಎಫ್‌ಐವಿಎ ಒಪ್ಪಿಕೊಂಡಿರುವ ಟ್ಯೂರಿನ್ ಸನ್ನದು ವಾಹನದ ಮೂಲ ಅಂಶಗಳನ್ನು ಸಾಧ್ಯವಾದಷ್ಟು ಹಾಗೆಯೇ ಉಳಿಸಿಕೊಳ್ಳುವ ಪರವಾಗಿದೆ. ಭಾರತದಲ್ಲಿ 2021ರ ನಿಯಮಗಳು 50 ವರ್ಷ ದಾಟಿದ ಮತ್ತು ಚಾಸಿ, ದೇಹ, ಎಂಜಿನ್ ಗಣನೀಯವಾಗಿ ಮಾರ್ಪಾಡಾಗದ ವಾಹನಗಳಿಗೆ ವಿಂಟೇಜ್ ಎಂಬ ಪ್ರತ್ಯೇಕ ನೋಂದಣಿ ನೀಡುತ್ತವೆ. ಧರ್ಮಸ್ಥಳದ ಡಿ. ವೀರೇಂದ್ರ ಹೆಗ್ಗಡೆ ಅವರ ಸಂಗ್ರಹದಿಂದ ಶ್ರೀರಂಗಪಟ್ಟಣದ ಬಳಿ ರೂಪುಗೊಂಡ ‘ಪಯಣ’ ಸಂಗ್ರಹಾಲಯದಲ್ಲಿ ಹಳೆಯ ವಾಹನಗಳನ್ನು ಸಾರ್ವಜನಿಕರು ನೋಡಬಹುದು.

ಮನೆಯ ಮುಂದಿನ ಮಾರುತಿಗೆ ವಿಂಟೇಜ್ ಪಟ್ಟ ಇನ್ನೂ ದೂರ. ಆದರೂ ಬಾಗಿಲಿನೊಳಗಿನ ಬಣ್ಣದ ಸಂಕೇತದ ಚೀಟಿ, ಮಾರಾಟಗಾರರ ಹೆಸರಿನ ಸ್ಟಿಕ್ಕರ್, ಕೈಯಿಂದ ಬರೆಸಿದ ನೋಂದಣಿ ಫಲಕ ಇವು ಒಮ್ಮೆ ಹೋದರೆ ಸಿಗುವಂಥವಲ್ಲ. 2019ರ ಏಪ್ರಿಲ್ 1ಕ್ಕೂ ಮೊದಲಿನ ವಾಹನಗಳಿಗೆ ಅತಿಸುರಕ್ಷಿತ ಫಲಕ ಕಡ್ಡಾಯವೆಂದು ರಾಜ್ಯ ಸರ್ಕಾರ 2023ರಲ್ಲಿ ಆದೇಶಿಸಿದ ಮೇಲೆ ಇಂತಹ ಅನೇಕ ಹಳೆಯ ಫಲಕಗಳು ಗುಜರಿಗೆ ಹೋದವು. ಕೆಲವರು ಅವನ್ನು ಒರೆಸಿ ಡಿಕ್ಕಿಯ ಹಾಸಿನ ಕೆಳಗೆ ಇಟ್ಟುಕೊಂಡಿದ್ದಾರೆ.